ಲೀಸ್ಟನ್ನಿನ ಸ್ವತಂತ್ರ ವಿದ್ಯಾಶಾಲೆ

ಸ್ಕಾಟ್ಲೆಂಡಿನಲ್ಲಿ ಹಳ್ಳಿಯ ಉಪಾಧ್ಯಾಯನೊಬ್ಬನ ಮಗನಾಗಿ ಹುಟ್ಟಿ, ತಂದೆಯ ಶಾಲೆಯಲ್ಲಿಯೇ ಚರ್ಮದ ಪಟ್ಟಿಯ ಪೆಟ್ಟು ತಿಂದು ಬೆಳೆದ ಎ. ಎಸ್. ನೀಲ್ ಮಹಾಶಯನು 1921ರಲ್ಲಿ ಜರ್ಮನಿಯ ಡ್ರೆಸ್ಡೆನ್ ಸಮೀಪದಲ್ಲಿ ಆರಂಭಿಸಿದ ವಿದ್ಯಾಶಾಲೆಯು, ಊರೂರು ಅಲೆದು, 1927ರಲ್ಲಿ ಇಂಗ್ಲೆಂಡಿನ ಸಫೋಕ್ ಪ್ರಾಂತದ ಲೀಸ್ಟನ್ನಿನಲ್ಲಿ ನೆಲೆನಿಂತಿತು. ಅದೇ ಸಮ್ಮರ್‌ಹಿಲ್. ಅಲ್ಲಿ ವೇಳಾಪಟ್ಟಿಯುಂಟು, ಅಧ್ಯಾಪಕರುಂಟು. ಪಾಠಕ್ಕೆ ಬರಲೇಬೇಕೆಂಬ ನಿರ್ಬಂಧವೊಂದೇ ಇಲ್ಲ. ನಿಯಮಗಳನ್ನು ರಚಿಸುವ ಸಭೆಯಲ್ಲಿ ಆರು ವರ್ಷದ ಬಾಲಕನಿಗೂ ಒಂದು ಮತ, ನೀಲನಿದ್ದ ಕಾಲದಲ್ಲಿ ಅವನಿಗೂ ಒಂದೇ ಮತವಿತ್ತು.

ಇಂತಹ ಶಾಲೆ ತಮ್ಮ ಕೂಸಿಗೆ ಹೊಂದೀತೇ ಎಂದು ಚಿಂತಿಸುವ ಮಾತಾಪಿತೃಗಳು ನೀಲನೇ ದಾಖಲಿಸಿದ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಕಾನ್ವೆಂಟಿನಿಂದ ಬಂದ ಬಾಲಿಕೆಯೊಬ್ಬಳು ಮೂರು ವರ್ಷಗಳ ಕಾಲ ತರಗತಿಯತ್ತ ಸುಳಿಯಲೇ ಇಲ್ಲವಂತೆ! ಹಿಂದಿನ ಶಾಲೆಯ ಮೇಲಣ ದ್ವೇಷವು ಎಷ್ಟು ಗಾಢವೋ ಚೇತರಿಕೆಯ ಅವಧಿಯೂ ಅಷ್ಟೇ ದೀರ್ಘವೆಂಬುದು ಅವನ ಅನುಭವ. ಮೊದಮೊದಲು ಅಲ್ಲಿಗೆ ಬಂದವರಲ್ಲಿ ಅನೇಕರು ಬೇರೆಲ್ಲೂ ಹೊಂದಿಕೊಳ್ಳದ ತುಂಟಮಕ್ಕಳೇ. ಕಟ್ಟಕಡೆಯ ಮದ್ದೆಂದು ಅಲ್ಲಿಗೆ ಕಳುಹಿಸಿದ್ದು ಶಾಲೆಗೆ ನ್ಯಾಯವಾಗಲಿಲ್ಲವೆಂದೇ ನನ್ನ ಅಭಿಪ್ರಾಯ.

1999ರಲ್ಲಿ ಸರ್ಕಾರದ ತನಿಖಾಧಿಕಾರಿಗಳು ಈ ಐಚ್ಛಿಕ ಪಾಠಪದ್ಧತಿಯನ್ನು ಆಕ್ಷೇಪಿಸಲು, ವ್ಯಾಜ್ಯವು ನ್ಯಾಯಮಂಡಲಿಯ ಮುಂದೆ ಬಂದು, 2000ದಲ್ಲಿ ರಾಜಿಯೊಪ್ಪಂದವೇರ್ಪಟ್ಟಾಗ, ಲಂಡನ್ನಿನ ನ್ಯಾಯಾಲಯದೊಳಗೇ ಮಕ್ಕಳು ತಮ್ಮ ಸಭೆಯನ್ನು ಕೂಡಿಸಿ ಅದನ್ನು ಅಂಗೀಕರಿಸಿದರು. ಪಾಠಗಳು ಐಚ್ಛಿಕವಾಗಿಯೇ ಉಳಿದವು.

ಮಗುವಿಗೆ ಆ ಬಾಲಿಕೆಯ ಮೂರು ವರ್ಷಗಳನ್ನು ಕೊಡಬಲ್ಲವರು ಇಂತಹ ಶಾಲೆಯನ್ನು ವಿಚಾರಿಸಬಹುದು. ರಜೆಗೆ ಬಂದೊಡನೆ ಮಗ್ಗಿ ಒಪ್ಪಿಸೆನ್ನುವವರು ಆ ಗೊಡವೆಗೆ ಹೋಗದಿರುವುದೇ ಲೇಸು.