ದೋಣಿಗೆ ಹೊಸ ಎಂಜಿನ್, ಹರಿಹರದ ಹಳೇ ಲೇತ್

ಹಳೇ ಮರದ ಮೋಟಾರು ದೋಣಿಯನ್ನ ರಿಪೇರಿ ಮಾಡೋಕೆ ಯಾರು ಬೇಕು? ಬಡಗಿ ಅಂತೀರಿ. ನಿಜ, ಹಲಗೆ ಬದಲಿಸೋಕೆ, ಸಂದಿಗೆ ಹತ್ತಿ ಎಳೆ ತುಂಬೋಕೆ ಬಡಗಿಯೇ ಬೇಕು. ಆದರೆ ಎಂಜಿನ್ ಬದಲಿಸೋ ಹೊತ್ತಿಗೆ ಕೆಲಸ ಲೇತ್ ಮುಂದೆ ಬಂದು ನಿಲ್ಲುತ್ತೆ.

ಯಾಕೆ ಗೊತ್ತಾ? ಹೊಸ ಎಂಜಿನ್ನಿನ ಅಳತೆ ಹಳೆಯದರ ಹಾಗಿರಲ್ಲ. ಪ್ರೊಪೆಲ್ಲರ್ ತಿರುಗಿಸೋ ಶಾಫ್ಟು, ಅದನ್ನು ಎಂಜಿನ್ನಿಗೆ ಸೇರಿಸೋ ಕಪ್ಲಿಂಗು ಎರಡನ್ನೂ ಹೊಸದಾಗಿ ಕಡೆಯಬೇಕಾಗುತ್ತೆ. ಶಾಫ್ಟು, ಎಂಜಿನ್ನು ಒಂದೇ ನೇರಕ್ಕೆ ಕೂರದಿದ್ರೆ ದೋಣಿ ನಡುಗುತ್ತೆ, ಸಂದಿ ಸಡಿಲಾಗಿ ನೀರು ಒಳಗೆ ಬರುತ್ತೆ.

ಇಂಥ ಲೇತ್‌ಗಳಿಗೆ ಹೆಸರಾದ ಊರು ದಾವಣಗೆರೆ ಪಕ್ಕದ ಹರಿಹರ. ತುಂಗಭದ್ರೆ ದಡದ ಈ ಊರಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಶುರುವಾಯ್ತು. ಆಗ ಎರಡನೇ ಮಹಾಯುದ್ಧದ ಕಾಲ, ಹೊರದೇಶದ ಯಂತ್ರ ತರಿಸೋದೇ ಕಷ್ಟ. ಮುಂದೆ ಹರಿಹರದ 'ಎಂಟರ್‌ಪ್ರೈಸ್' ಲೇತ್ ದೇಶದ ವರ್ಕ್‌ಶಾಪ್‌ಗಳಿಗೆ ಪರಿಚಿತ ಹೆಸರಾಯ್ತು.

ಆ ಫ್ಯಾಕ್ಟರಿ ಮುಚ್ಚಿ ಎಷ್ಟೋ ಮನೆಗಳ ಅನ್ನಕ್ಕೆ ಕುತ್ತು ಬಂತು. ಅಲ್ಲಿ ತಯಾರಾದ ಲೇತ್‌ಗಳು ಮಾತ್ರ ಇನ್ನೂ ಓಡ್ತಿವೆ. ದುಡ್ಡು ಕೊಟ್ರೆ ದೋಣಿಗೆ ಎಂಜಿನ್ ಸಿಗುತ್ತೆ; ಶಾಫ್ಟ್ ಸರಿಯಾಗಿ ಕಡೆಯೋ ಟರ್ನರ್ ತಯಾರಾಗೋಕೆ ವರ್ಷಗಳೇ ಬೇಕು. ನಿಮ್ಮೂರಲ್ಲಿ ಹಳೇ ಕಿರ್ಲೋಸ್ಕರ್ ಲೇತ್ ಕಂಡ್ರೆ, ಅದನ್ನು ಓಡಿಸೋರನ್ನ ಒಂದು ಮಾತು ಕೇಳಿ: ಈ ಕೆಲಸ ಯಾರ ಹತ್ರ ಕಲಿತ್ರಿ? ಈಗ ಯಾರಿಗೆ ಕಲಿಸ್ತಿದ್ದೀರಿ?