ಜೀತ ಮತ್ತು ಮುಂಗಡ: ಒಂದು ನಿಷೇಧದ ಚರಿತ್ರೆ

‘ಜೀತ’ ಎಂಬ ಪದದ ಹಳೆಯ ಅರ್ಥ ಸಂಬಳ. ಸಂಸ್ಕೃತದ ‘ಜೀವಿತ’ದಿಂದ ಸವೆದು ಬಂದ ಅದು ತೆಲುಗಿನಲ್ಲಿ ಈಗಲೂ ತಿಂಗಳ ಪಗಾರವೇ. ಕನ್ನಡದಲ್ಲಿ ಮಾತ್ರ, ಸಾಲ ತೀರುವ ತನಕ ಧಣಿಯ ಬಾಗಿಲು ಬಿಟ್ಟು ಕದಲದೆ ದುಡಿಯುವ ಸ್ಥಿತಿಗೆ ಹೆಸರಾಗಿ ನಿಂತಿತು. ಅರ್ಥ ಹೀಗೆ ಜಾರಿದ್ದರಲ್ಲೇ ಪದ್ಧತಿಯ ಒಳಗುಟ್ಟಿದೆ. ಮೊದಲೇ ಕೊಟ್ಟ ಕೂಲಿ ಸಾಲವಾಗುತ್ತದೆ, ಸಾಲ ಕಟ್ಟಿಹಾಕುತ್ತದೆ. ಸರಪಳಿಯಾಗಲಿ ಒಡೆತನದ ಪತ್ರವಾಗಲಿ ಬೇಕಿಲ್ಲ. ಆದ್ದರಿಂದ ಜೀತ ತಡೆಯುವ ಪ್ರಯತ್ನಗಳನ್ನು ಗುಲಾಮಗಿರಿಯ ಚರಿತ್ರೆಗಿಂತ ಮುಂಗಡದ ಚರಿತ್ರೆಯಾಗಿ ಓದಿದರೆ ಹೆಚ್ಚು ತಿಳಿಯಾಗುತ್ತದೆ.

ಗುಲಾಮನನ್ನು ಆಸ್ತಿಯೆಂದು ಯಾವ ನ್ಯಾಯಾಲಯವೂ ಒಪ್ಪಬಾರದೆಂದು 1843ರ ಕಾಯ್ದೆ ಹೇಳಿತು. ಆದರೆ 16 ವರ್ಷಗಳಲ್ಲಿ ವಸಾಹತು ಆಡಳಿತವೇ ಇನ್ನೊಂದು ದಾರಿ ತೆರೆಯಿತು. ಕೆಲಸಗಾರರ ಕರಾರುಭಂಗ ಕುರಿತ 1859ರ ಕಾಯ್ದೆಯ ಪ್ರಕಾರ, ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಹಣ ಹಿಂದಿರುಗಿಸಬೇಕು ಇಲ್ಲವೇ ದುಡಿಯಬೇಕು. ತಪ್ಪಿದರೆ 3 ತಿಂಗಳವರೆಗೆ ಸೆರೆ. ದಿವಾಣಿ ವ್ಯಾಜ್ಯವಾಗಬೇಕಿದ್ದ ಬಾಕಿ ಹೀಗೆ ಅಪರಾಧವಾಯಿತು. 1925ರಲ್ಲಿ ಈ ಕಾಯ್ದೆ ರದ್ದಾಯಿತು. 1933ರಲ್ಲಿ ಮಕ್ಕಳ ದುಡಿಮೆಯನ್ನು ಒತ್ತೆಯಿಡುವ ಕರಾರುಗಳನ್ನು ಅನೂರ್ಜಿತಗೊಳಿಸಿದ ಕಾಯ್ದೆ ಬಂತು. ಅದು ಒತ್ತೆಯಿಟ್ಟ ತಂದೆಗೆ 50 ರೂಪಾಯಿವರೆಗೆ, ಮಗುವನ್ನು ದುಡಿಸಿಕೊಂಡವನಿಗೆ 200 ರೂಪಾಯಿವರೆಗೆ ದಂಡ ಇಟ್ಟಿತು. ಶಿವರಾಮ ಕಾರಂತರ ‘ಚೋಮನ ದುಡಿ’ ಹೊರಬಂದದ್ದೂ ಅದೇ ವರ್ಷ. ಅಲ್ಲಿ ಚೋಮನ ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋಗುವವರು ಅವನ ಮಕ್ಕಳೇ. ಕಾಯ್ದೆ ಮತ್ತು ಕಾದಂಬರಿಗಳಲ್ಲಿ ಈ ಪದ್ಧತಿಯನ್ನು ಹೆಚ್ಚು ಬಲ್ಲದ್ದು ಕಾದಂಬರಿ ಎನ್ನಲು ಅಡ್ಡಿಯಿಲ್ಲ.

ಸಂವಿಧಾನದ 23ನೆಯ ವಿಧಿ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತಾದರೂ ಅದನ್ನು ಜಾರಿಗೊಳಿಸುವ ಸಮಗ್ರ ಕೇಂದ್ರ ಕಾನೂನಿಗೆ ಕಾಲು ಶತಮಾನ ಕಾಯಬೇಕಾಯಿತು. 1975ರ ಅಕ್ಟೋಬರ್ 25ರಂದು ಜಾರಿಗೆ ಬಂದ ಸುಗ್ರೀವಾಜ್ಞೆ ಮರುವರ್ಷ ಜೀತಪದ್ಧತಿ (ರದ್ದಿಯಾತಿ) ಕಾಯ್ದೆಯಾಯಿತು. ತುರ್ತುಪರಿಸ್ಥಿತಿಯ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಕೂಸು ಎಂದು ಅದನ್ನು ಅಲ್ಲಗಳೆಯುವವರಿದ್ದಾರೆ. ಹುಟ್ಟಿನ ಗಳಿಗೆ ಏನೇ ಇರಲಿ, ಅದರ ಪೆಟ್ಟು ಬಿದ್ದದ್ದು ಸರಿಯಾದ ಜಾಗಕ್ಕೆ. ಜೀತದಾಳನ್ನು ಬಿಡಿಸಿದ್ದಷ್ಟೇ ಅಲ್ಲ, ಜೀತದ ಸಾಲವನ್ನೇ ಅಳಿಸಿತು. ಇದು ಜೀತದ ಸಾಲವೆಂದು ಆಳು ಹೇಳಿದರೆ, ಅಲ್ಲವೆಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವನ ಮೇಲೆ ಬಿತ್ತು. ಶಿಕ್ಷೆ 3 ವರ್ಷದವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ.

ಊರಗೌಡನ ಹೊಲವನ್ನು ಕಣ್ಣಮುಂದಿಟ್ಟುಕೊಂಡು ಬರೆದಂತಿದ್ದ ಈ ಕಾಯ್ದೆಯನ್ನು ಕಲ್ಲುಕ್ವಾರಿ, ಇಟ್ಟಿಗೆ ಗೂಡುಗಳಿಗೂ ಮುಟ್ಟಿಸಿದ್ದು ಸುಪ್ರೀಂ ಕೋರ್ಟ್. ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಪ್ರಕರಣದಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಅದು 1982ರಲ್ಲಿ ತೀರ್ಪಿತ್ತಿತು. ಹಸಿವೂ ಒಂದು ಬಲವಂತ ಎಂಬುದು ತರ್ಕ. ಮರುವರ್ಷ ಫರೀದಾಬಾದಿನ ಕ್ವಾರಿಗಳ ಕುರಿತ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ, ಬಲವಂತದ ದುಡಿಮೆ ಕಂಡಲ್ಲಿ ಅದರ ಹಿಂದೆ ಮುಂಗಡವೊಂದು ಇದೆಯೆಂದೇ ಭಾವಿಸಬೇಕೆಂದಿತು. ಗುತ್ತಿಗೆ ಮತ್ತು ಅಂತರರಾಜ್ಯ ವಲಸೆ ಕಾರ್ಮಿಕರೂ ಜೀತದಾಳುಗಳಾಗಿರಬಹುದೆಂಬ ವಿವರಣೆ 1985ರ ತಿದ್ದುಪಡಿಯಲ್ಲಿ ಸೇರಿತು. ಹೊಲದ ಧಣಿಯ ಜಾಗಕ್ಕೆ, ಆಳುಗಳನ್ನು ಕರೆತರುವ ಮೇಸ್ತ್ರಿ ಬಂದಿದ್ದ.

ಇಲ್ಲಿಂದ ಮುಂದೆ ಪ್ರಶ್ನೆ ಸಣ್ಣ ಉದ್ಯಮಗಳದ್ದು. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆ ಸರಬರಾಜು ಸರಪಣಿಯ ಕುರಿತು ವಾರ್ಷಿಕ ಹೇಳಿಕೆ ಕೇಳುವುದು 3.6 ಕೋಟಿ ಪೌಂಡ್ ಅಥವಾ ಹೆಚ್ಚಿನ ವಹಿವಾಟಿನ ಸಂಸ್ಥೆಗಳನ್ನು ಮಾತ್ರ. ನಮ್ಮಲ್ಲೂ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ 20 ಮಂದಿಯ ಮಿತಿ ಇಟ್ಟಿತ್ತು, 2020ರ ಸಂಹಿತೆ ಅದನ್ನು 50ಕ್ಕೆ ಏರಿಸಿತು. ದೊಡ್ಡವರನ್ನು ಹಿಡಿದರೆ ಸಾಕು, ಸಣ್ಣವರಿಗೆ ಕಾಗದಪತ್ರದ ಹೊರೆ ಬೇಡ ಎಂಬ ವಾದ ಸುಳ್ಳಲ್ಲ. ಆದರೆ ಜೀತ ಅಡಗುವುದು ಸಣ್ಣ ಜಾಗದಲ್ಲೇ. ಹೆತ್ತವರು ಪಡೆದ ಸಾಲಕ್ಕೆ ರೇಷ್ಮೆ ಉದ್ಯಮದಲ್ಲಿ ದುಡಿಯುತ್ತಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿ ಪ್ರಕಟಿಸಿತು. ಅದರಲ್ಲಿ ಕರ್ನಾಟಕವೂ ಇತ್ತು. ರೇಷ್ಮೆಗೂಡು ಸೀರೆಯಾಗುವ ಮೊದಲು ನೂಲು ಬಿಚ್ಚುವ, ಹುರಿ ಮಾಡುವ, ಬಣ್ಣ ಹಾಕುವ, ನೇಯುವ ಹಲವು ಕೈಗಳನ್ನು ದಾಟುತ್ತದೆ. ಅವುಗಳಲ್ಲಿ ಎಷ್ಟೋ ಮನೆಗಾತ್ರದ ಘಟಕಗಳು. 1976ರ ಕಾಯ್ದೆಗೆ ತಲೆಯೆಣಿಕೆಯ ಮಿತಿಯೇ ಇಲ್ಲ. ಒಬ್ಬನೇ ಆಳಿದ್ದರೂ ಅದು ಅನ್ವಯಿಸುತ್ತದೆ ಎಂಬುದನ್ನು ಸಣ್ಣ ಮಾಲೀಕರು ಮರೆಯುವುದುಂಟು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮದುವೆ, ಆಸ್ಪತ್ರೆ ಖರ್ಚಿಗೆ ಬ್ಯಾಂಕು ಸಾಲ ಕೊಡದವನಿಗೆ ಮಾಲೀಕನ ಮುಂಗಡವೇ ಗತಿ. ಅದನ್ನೂ ನಿಲ್ಲಿಸಿದರೆ ಬಡ್ಡಿ ವ್ಯಾಪಾರಿಯ ಪಾಲಾಗುತ್ತಾನೆ ಎಂಬುದು. ಕಾಯ್ದೆ ಮುಂಗಡವನ್ನು ನಿಷೇಧಿಸಿಲ್ಲ. ಬೇರೆ ಕಡೆ ಕೆಲಸ ಹಿಡಿಯಲು, ಎಲ್ಲಿ ಬೇಕಾದರೂ ಓಡಾಡಲು, ತನ್ನ ದುಡಿಮೆಗೆ ಪೇಟೆಯ ಬೆಲೆ ಪಡೆಯಲು ಪಡೆದವನಿಗೆ ಸ್ವಾತಂತ್ರ್ಯ ಉಳಿದಿದೆಯೇ ಎಂದಷ್ಟೇ ಅದು ಕೇಳುತ್ತದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು, ಅದರಲ್ಲೇ ಬಾಕಿ ಮುರಿದುಕೊಂಡರೆ ಸಾಲ ತೀರುವುದೇ ಇಲ್ಲ. ಪೂರ್ತಿ ಕೂಲಿ ಕೊಟ್ಟು, ಲೆಕ್ಕದ ಚೀಟಿ ಆಳಿನ ಕೈಗೂ ಕೊಟ್ಟು, ಬಿಟ್ಟುಹೋದವನ ಬಾಕಿಯನ್ನು ಮಾಮೂಲಿ ಸಾಲದಂತೆ ಕಂಡರೆ ಅದು ಮುಂಗಡವಾಗಿಯೇ ಉಳಿಯುತ್ತದೆ. ತೊಡಕು ಹೆಚ್ಚಾಗಿ ಲೆಕ್ಕ ಮೇಸ್ತ್ರಿಯ ಜೇಬಿನಲ್ಲಿರುವಾಗ. ಆಳಿಗೆ ಅವನು ಎಷ್ಟು ಕೊಟ್ಟ, ಎಷ್ಟು ಮುರಿದುಕೊಂಡ ಎಂದು ಕೇಳದ ಮಾಲೀಕ, ತನ್ನ ಅಂಗಳದಲ್ಲಿ ದುಡಿಯುವವನು ಕೂಲಿಯವನೋ ಜೀತದಾಳೋ ಎಂಬುದನ್ನು ತಿಳಿದಿರುವುದಿಲ್ಲ.