ಏಣಿ ಎತ್ತಬೇಡ, ಹಿಡಿದುಕೊ

ಬೆಂಗಳೂರಿನಲ್ಲಿ ಜರ್ಮನ್ ಕಲಿತು, ಪರೀಕ್ಷೆಯನ್ನೂ ಪಾಸು ಮಾಡಿ ಸ್ಟುಟ್‌ಗಾರ್ಟ್ ಕಡೆ ಕೆಲಸಕ್ಕೆ ಹೋದವರನ್ನು ಕಕ್ಕಾಬಿಕ್ಕಿ ಮಾಡುವ ಮಾತುಗಳಲ್ಲಿ ‘ಹೇಬೆನ್’ ಒಂದು. ಪುಸ್ತಕದ ಜರ್ಮನ್‌ನಲ್ಲಿ ಅದಕ್ಕೆ ‘ಎತ್ತು’ ಎಂದರ್ಥ. ಆ ಸೀಮೆಯ ಶ್ವೇಬಿಶ್ ಆಡುಮಾತಿನಲ್ಲಿ ‘ಹಿಡಿದುಕೊ’. ಮೇಲೆ ಹತ್ತಿ ಬಲ್ಬು ಬದಲಿಸುತ್ತಿರುವವನು ‘ಹೇಬ್’ ಎಂದು ಕೂಗಿದಾಗ, ಕೆಳಗೆ ನಿಂತವನು ಪಾಠ ನೆನಪಿಸಿಕೊಂಡು ಏಣಿಯನ್ನೇ ಎತ್ತಹೋದರೆ ಮುಗಿಯಿತು ಕತೆ. ಎತ್ತುವುದಕ್ಕೆ ಅಲ್ಲಿ ‘ಲುಪ್ಫ’ ಎನ್ನಬೇಕು. ಗೋಡೆಗೆ ಹೊಡೆದ ಮೊಳೆ ಭದ್ರವಾಗಿ ಕೂತಿತೆನ್ನಿ, ಆಗಲೂ ‘ದೆಸ್ ಹೇಬ್ಟ್’ ಎನ್ನುತ್ತಾರೆ.

ಹಳ್ಳಿಯವರು ಪದವನ್ನು ಕೆಡಿಸಿದ್ದಾರೆ ಎಂದು ತೀರ್ಪು ಕೊಡುವ ಮುನ್ನ ಅದರ ಬೇರನ್ನು ನೋಡುವುದು ಒಳ್ಳೆಯದು. ಲ್ಯಾಟಿನ್ನಿನಲ್ಲಿ ‘ಕಪೆರೆ’ ಎಂದರೆ ಹಿಡಿ, ತೆಗೆದುಕೊ. ಲ್ಯಾಟಿನ್ನಿನಲ್ಲಿ ಕಕಾರ ಇರುವ ಕಡೆ ಜರ್ಮನ್ ಬಳಗದಲ್ಲಿ ಹಕಾರ ಬರುತ್ತದೆಂಬ ಸೂತ್ರವನ್ನು ಭಾಷಾಪಂಡಿತ ಯಾಕೊಬ್ ಗ್ರಿಮ್ 1822ರಲ್ಲಿ ವಿಸ್ತಾರವಾಗಿ ತೋರಿಸಿಕೊಟ್ಟ. ಕೊಂಬಿಗೆ ಅಲ್ಲಿ ‘ಕೊರ್ನು’, ಇಲ್ಲಿ ‘ಹೊರ್ನ್’. ‘ಕಪೆರೆ’ಗೂ ‘ಹೇಬೆನ್’ಗೂ ಇರುವ ನಂಟು ಅದೇ. ನಮ್ಮ ಅಂಗಡಿಗಳಲ್ಲಿ ಕೇಳುವ ‘ರಿಸೀಟ್’ ಕೂಡ ಈ ಕಪೆರೆಯ ಸಂತಾನ. ‘ರಸೀದಿ’ ಮಾತ್ರ ಅಲ್ಲ. ಅದು ಪಾರಸಿಯಿಂದ ಬಂದದ್ದು.

ಹಾಗಾದರೆ ಮೂಲದಲ್ಲಿದ್ದದ್ದು ಹಿಡಿತ. ಹಿಡಿದದ್ದನ್ನು ಮೇಲಕ್ಕೆತ್ತಬಹುದು, ಹಿಡಿದುಕೊಂಡೇ ನಿಲ್ಲಬಹುದು. ನಾಲ್ಕನೆಯ ಶತಮಾನದ ಗಾಥಿಕ್ ಬೈಬಲ್ಲಿನ ಹೊತ್ತಿಗಾಗಲೇ ಈ ಪದ ಎತ್ತುವ ಕಡೆ ವಾಲಿತ್ತು. ಅದೇ ಬೇರಿನ ‘ಹಾಬೆನ್’ ಹಿಡಿದುಕೊಳ್ಳುವ ಕೆಲಸ ವಹಿಸಿಕೊಂಡು, ಮುಂದೆ ‘ಇದೆ, ಉಂಟು’ ಎಂಬ ಅರ್ಥಕ್ಕೆ ಇಳಿಯಿತು. ಶ್ವೇಬಿಶ್‌ನಲ್ಲಿ ಅಣ್ಣ ‘ಹಾಬೆನ್’ನ ಆ ಹಳೇ ಕಸುಬನ್ನು ತಮ್ಮ ‘ಹೇಬೆನ್’ ನೋಡಿಕೊಂಡಂತೆ ನನಗೆ ಕಾಣುತ್ತದೆ. ‘ಹಾಬೆನ್’ ಕೇಳಿದೊಡನೆ ಲ್ಯಾಟಿನ್ನಿನ ‘ಹಬೇರೆ’ ನೆನಪಾಗುವುದು ಸಹಜ. ಸದ್ದೂ ಒಂದೇ, ಅರ್ಥವೂ ಒಂದೇ, ಆದರೆ ರಕ್ತಸಂಬಂಧವಿಲ್ಲ. ಕಕಾರದ ಸೂತ್ರ ಗೊತ್ತಿಲ್ಲದವರೆಲ್ಲ ಬೀಳುವ ಹಳ್ಳ ಇದು.

ಎತ್ತುವ ಅರ್ಥದ ಸಂತತಿಯೂ ದೊಡ್ಡದು. ಹಿಟ್ಟನ್ನು ಉಬ್ಬಿಸಿ ಮೇಲೇಳಿಸುವ ಯೀಸ್ಟಿಗೆ ‘ಹೇಫೆ’ ಎನ್ನುತ್ತಾರೆ. ಸೂಲಗಿತ್ತಿ ‘ಹೇಬಮ್ಮೆ’. ಹಳೆಯ ರೂಪ ‘ಹೆವಿಯಾನ್ನ’, ಹುಟ್ಟಿದ ಕೂಸನ್ನು ಎತ್ತಿಕೊಳ್ಳುವವಳು. ಕಾಲ ಸರಿದಂತೆ ಪದದ ಬಾಲ ಯಾರಿಗೂ ತಿಳಿಯದಾಗಿ, ಜನ ಅದನ್ನು ತಮಗೆ ಗೊತ್ತಿದ್ದ ‘ಅಮ್ಮೆ’ಗೆ, ಅಂದರೆ ಮೊಲೆಯೂಡುವ ದಾದಿಗೆ, ಜೋಡಿಸಿಬಿಟ್ಟರು. ಕನ್ನಡದ ಕಿವಿಗೆ ಅದು ಅಮ್ಮನಂತೆಯೇ ಕೇಳಿಸೀತು. ಅಷ್ಟಕ್ಕೇ ನಂಟು ಬೆಸೆಯಲು ಹೊರಡಬಾರದು.

ಇಂಥ ಶ್ವೇಬಿಶ್ ಮಾತುಗಳನ್ನು ಕಲೆಹಾಕಿದ ಹೆರ್ಮನ್ ಫಿಶರನ ನಿಘಂಟು 1904ರಿಂದ 1936ರವರೆಗೆ ಅಚ್ಚಾಗುತ್ತಲೇ ಇತ್ತು. ಆತ 1920ರಲ್ಲೇ ತೀರಿಕೊಂಡಿದ್ದ. ಸ್ಟುಟ್‌ಗಾರ್ಟ್ ಇರುವ ಆ ರಾಜ್ಯದ ಸರ್ಕಾರವೋ 1999ರಲ್ಲಿ, ನಮಗೆ ಎಲ್ಲವೂ ಬರುತ್ತದೆ, ಶಿಷ್ಟ ಜರ್ಮನ್ ಒಂದನ್ನು ಬಿಟ್ಟು, ಎಂದು ತನ್ನನ್ನೇ ಗೇಲಿ ಮಾಡಿಕೊಂಡು ಜಾಹೀರಾತು ಕೊಟ್ಟಿತು.

ಒಂದು ಕಡೆ ಮಾತ್ರ ಕನ್ನಡಿಗರು ಉಳಿದ ಹೊಸಬರಿಗಿಂತ ಮುಂದೆ. ಶಿಷ್ಟ ಜರ್ಮನ್‌ನಲ್ಲಿ ‘ಫೂಸ್’ ಎಂದರೆ ಪಾದ, ಅಷ್ಟೇ. ಶ್ವೇಬಿಶ್‌ನವರಿಗೆ ಅದು ಸೊಂಟದಿಂದ ಬೆರಳ ತುದಿವರೆಗೂ ಚಾಚುತ್ತದೆ, ಥೇಟ್ ನಮ್ಮ ‘ಕಾಲು’. ಫೂಸ್ ನೋವು ಎಂದವರನ್ನು, ಮಂಡಿಯೋ ಹಿಮ್ಮಡಿಯೋ ಎಂದು ಅಲ್ಲಿನ ಡಾಕ್ಟರೂ ಇನ್ನೊಮ್ಮೆ ಕೇಳಲೇಬೇಕು.